ಮೂರು ಊರಿನ ಬಾಡಿಗೆ

ದೇವದುರ್ಗದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿದ ಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ಕೌನ್ಸೆಲಿಂಗ್ ದಿನ ನನ್ನ ಸರದಿ ಬರುವ ಹೊತ್ತಿಗೆ ಉಳಿದಿದ್ದ ಖಾಲಿ ಜಾಗಗಳಲ್ಲಿ ಅದೇ ಹತ್ತಿರದ್ದು. ಶಾಲೆ ಇದ್ದದ್ದು ಊರ ಅಂಚಿನಲ್ಲಿ. ಜೊತೆಯ ಶಿಕ್ಷಕಿಯರು "ಸಿಟಿ ಸಿಕ್ತಲ್ರೀ, ಪೇಡೆ ಕೊಡಸ್ರಿ" ಎಂದರು. ಕೊಡಿಸಿದೆ. ಆಗ ನನಗೆ ನಲವತ್ತೇಳು ವರ್ಷ.

ನನ್ನ ಗಂಡ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿದ್ದರು. ಭತ್ತದ ಲಾರಿಗಳನ್ನು ತೂಕಕ್ಕೆ ಹತ್ತಿಸಿ ಇಳಿಸುವ ಉಸ್ತುವಾರಿ ಅವರದು. ಅವರು ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿಗೆ ಹೋಗುತ್ತಿದ್ದರು. ಈಗ ನಾನೂ ಬೆಳಿಗ್ಗೆ ಬಸ್ಸು ಹಿಡಿದು ರಾಯಚೂರಿಗೆ ಹೊರಟೆ. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಹಗಲಿಡೀ ಮನೆಗೆ ಬೀಗ.

ಆರು ತಿಂಗಳು ಹಾಗೆ ಓಡಾಡಿದೆ. ಹೋಗಲು ಒಂದೂವರೆ ತಾಸು, ಬರಲು ಬಸ್ಸು ಸಿಕ್ಕಂತೆ. ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕೈ ನಡುವೆಯೇ ನಿಂತುಹೋಯಿತು. ಯಾವ ಪದ ಬರೆಯುತ್ತಿದ್ದೆ ಎಂಬುದೇ ನೆನಪಾಗಲಿಲ್ಲ. ಮುಂದಿನ ಬೆಂಚಿನ ಹುಡುಗಿ "ಟೀಚರ್, ಒತ್ತಕ್ಷರ ಬಿಟ್ಟೀರಿ" ಎಂದಳು. ಒತ್ತಕ್ಷರ ಕೊಟ್ಟೆ, ಅದೂ ತಪ್ಪಾಗಿತ್ತು. ಅದೇ ಸಂಜೆ ರೊಟ್ಟಿಗೆ ಹಿಟ್ಟು ನಾದುತ್ತ ಗೋಡೆಗೆ ಒರಗಿದವಳು ಅಲ್ಲೇ ನಿದ್ದೆ ಹೋಗಿದ್ದೆ. ಗಂಡ ಬಂದು ನೋಡಿ, ನನ್ನನ್ನು ಎಬ್ಬಿಸದೆ, ಬೆಳಗಿನ ಒಣ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಉಂಡಿದ್ದರು. ಎಚ್ಚರವಾದಾಗ ಕೈಗೆ ಹಿಟ್ಟು ಒಣಗಿ ಅಂಟಿತ್ತು.

"ಹಿಂಗಾದ್ರ ನೀ ಬೀಳ್ತಿ," ಎಂದರು. "ಮನಿ ನೋಡೋಣು."

ಮೊದಲು ಮಾನ್ವಿಯಲ್ಲಿ ನೋಡಿದೆವು. ಅವರ ಮಿಲ್ಲು ಅಲ್ಲಿದ್ದುದರಿಂದ ನಾನು ಬೇಡ ಅನ್ನಲಿಲ್ಲ. ಮಿಲ್ಲಿನ ಪರಿಚಯದವರೊಬ್ಬರ ಮನೆ, ಗೊಬ್ಬರ-ಔಷಧಿ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ಕ್ರಿಮಿನಾಶಕದ ವಾಸನೆ ಮೂಗಿಗೆ ಬಡಿಯಿತು. ಐದು ಸಾವಿರ ಬಾಡಿಗೆ.

"ದೇವದುರ್ಗದಾಗ ನಾವು ಎರಡೂವರೆ ಸಾವಿರ ಕೊಡಾಕತ್ತೀವ್ರಿ," ಎಂದೆ. "ಕೆಳಗಿನ ಮನಿ, ಅಂಗಳ ಬ್ಯಾರೆ ಅದ."

ಮನೆಯವರು ನನ್ನ ಗಂಡನ ಮುಖ ನೋಡಿ ನಕ್ಕರು. "ಆ ರೇಟು ಇಲ್ಲಿ ಕೇಳಬ್ಯಾಡ್ರಿ ಟೀಚರ್. ಇದು ಮಾನ್ವಿ."

ಕೆಳಗೆ ಇಳಿದ ಮೇಲೆ ಗಂಡ ಹೇಳಿದರು, "ಇಲ್ಲಿಂದ ರಾಯಚೂರಿಗೆ ಬಸ್ಸು ಜಾಸ್ತಿ. ನಿನಗ ಹದಿನೈದು ನಿಮಿಷ ಉಳಿತದ."

"ನಿಮಗ?"

"ನನಗ..." ಎಂದವರು ತುಸು ತಡೆದು, "ಎರಡು ತಾಸು," ಎಂದು ಹೇಳಿ ತಾವೇ ನಾಚಿಕೊಂಡರು. ಆ ಮನೆಯ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ರಾಯಚೂರಿನ ಭಾನುವಾರಗಳು ಶುರುವಾದವು. ವಾರವಿಡೀ ಬಸ್ಸಿನಲ್ಲಿ ಕೂತ ಮೈಯನ್ನು ಏಳನೇ ದಿನವೂ ಅದೇ ಬಸ್ಸಿಗೆ ಹತ್ತಿಸುವುದು. ಒಬ್ಬ ದಲ್ಲಾಳಿಯನ್ನು ಹಿಡಿದೆವು. ಅವನು ಮುಂದೆ ಸ್ಕೂಟರಿನಲ್ಲಿ, ನಾವು ಹಿಂದೆ ಆಟೋದಲ್ಲಿ. ಮನೆ ಗೊತ್ತಾದರೆ ಒಂದು ತಿಂಗಳ ಬಾಡಿಗೆ ಅವನಿಗೆ.

ಲಿಂಗಸುಗೂರು ರಸ್ತೆಯ ಹೊಸ ಲೇಔಟಿನಲ್ಲಿ ಒಂದು ಮನೆ ಚೆನ್ನಾಗಿತ್ತು. ನೆಲಕ್ಕೆ ಹೊಳೆಯುವ ಟೈಲ್ಸು, ಅಡುಗೆಮನೆಯಲ್ಲಿ ಬೆಳಕು. ಒಂಬತ್ತು ಸಾವಿರ. ಸುತ್ತ ಬರೀ ಎರೆಮಣ್ಣು, ಸೈಟಿನ ಕಲ್ಲುಗಳು, ಜಾಲಿ. ಮನೆಯ ಒಡತಿ ಬಾಗಿಲಲ್ಲೇ ನಿಂತು ನೀವು ಯಾವ ಮಂದಿ, ಎಷ್ಟು ಜನ, ಊರಿಂದ ಬಂದು ಹೋಗುವವರು ಬಹಳವೇ ಎಂದು ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟೆ. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕೊಟ್ಟೆ ಎಂಬುದು ಆಟೋ ಹತ್ತಿದ ಮೇಲೆ ಹೊಳೆದು ನನ್ನ ಮೇಲೆಯೇ ಸಿಟ್ಟು ಬಂತು.

ಇನ್ನೊಂದು ಆರು ಸಾವಿರದ್ದು. ಅಗ್ಗ ಎಂದುಕೊಂಡೆವು. ಆದರೆ ಬಸ್ಸು ಬರುವ ರಸ್ತೆಯಿಂದ ಆ ಮನೆಗೆ ನಡೆದೇ ನಡೆದೆವು. ಅಷ್ಟು ದೂರಕ್ಕೆ ದಿನಾ ಆಟೋ ಹಿಡಿದರೆ ಉಳಿದದ್ದೆಲ್ಲ ಆಟೋದವನಿಗೇ. ಸ್ಟೇಶನ್ ಕಡೆ ಒಂದು ಮನೆಯಲ್ಲಿ ಹಗಲು ಹನ್ನೆರಡಕ್ಕೂ ಲೈಟು ಹಚ್ಚಿಕೊಳ್ಳಬೇಕು. ಮತ್ತೊಂದರಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬಂತು. "ಟ್ಯಾಂಕರ್ ಹಾಕಸ್ತಾರ್ರಿ, ಅದು ಬಾಡಗ್ಯಾಗ ಬರಂಗಿಲ್ಲ," ಎಂದ ದಲ್ಲಾಳಿ.

ಪ್ರತಿ ಮನೆಯಲ್ಲೂ ನಾನು ದೇವದುರ್ಗದ ಎರಡೂವರೆ ಸಾವಿರದ ಮಾತು ತೆಗೆಯುತ್ತಿದ್ದೆ. ನಾಲ್ಕನೇ ಭಾನುವಾರ ದಲ್ಲಾಳಿಗೆ ಸಾಕಾಗಿಹೋಯಿತು. ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು ಹೇಳಿದ:

"ಟೀಚರ್, ಸಿಟ್ಟಾಗಬ್ಯಾಡ್ರಿ. ಆ ಮನಿ ಕಿತ್ತಿ ಟ್ರ್ಯಾಕ್ಟರ್‌ನ್ಯಾಗ ಹಾಕ್ಕೊಂಡು ಬರಾಕ ಆಗ್ತದೇನ್ರಿ? ಇಲ್ಲಲ್ಲ? ಹಂಗಿದ್ರ ಅದರ ಮಾತು ಬಿಡ್ರಿ."

ಆವತ್ತು ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತ ಗಂಡ-ಹೆಂಡತಿ ಜಗಳವಾಡಿದೆವು. ಜಗಳಕ್ಕೂ ತ್ರಾಣವಿರಲಿಲ್ಲ, ಸಣ್ಣ ದನಿಯಲ್ಲೇ ಆಡಿದೆವು.

"ನೀ ಇಲ್ಲಿ ಒಂದು ಖೋಲಿ ಹಿಡಿ," ಎಂದರು ಅವರು. "ನಾ ಮಿಲ್ಲಿನ್ಯಾಗ ಮಲ್ಕೊಂತೀನಿ. ಭಾನುವಾರ ಬರ್ತೀನಿ."

"ಮಗಳು ಹಾಸ್ಟೆಲ್‌ನ್ಯಾಗ, ನೀವು ಮಿಲ್ಲಿನ್ಯಾಗ, ನಾನು ಖೋಲ್ಯಾಗ. ಮನಿ ಅನ್ನೋದು ಎಲ್ಲಿ ಉಳೀತ್ರಿ?"

ಅವರು ತಮ್ಮ ತಟ್ಟೆಯ ಎರಡನೇ ಮಿರ್ಚಿಯನ್ನು ನನ್ನ ತಟ್ಟೆಗೆ ಹಾಕಿದರು.

ಮುಂದಿನ ವಾರ ಮಾನ್ವಿ ರಸ್ತೆಯ ಕಡೆ, ಊರು ಮುಗಿಯುವಲ್ಲಿ, ಒಂದು ಮನೆ ಸಿಕ್ಕಿತು. ಎರಡು ಖೋಲಿ, ಮೊದಲ ಮಹಡಿ. ಗಂಡನಿಗೆ ಮೂಲೆಯಲ್ಲೇ ಬಸ್ಸು, ನನಗೆ ಶಾಲೆಗೆ ಶೇರ್ ಆಟೋ. ಏಳೂವರೆ ಸಾವಿರ, ಐವತ್ತು ಸಾವಿರ ಅಡ್ವಾನ್ಸು. ಚೆನ್ನಾಗಿದೆಯೋ ಇಲ್ಲವೋ ಎಂದು ನಾನು ನೋಡಲೇ ಇಲ್ಲ. ನೀರು ಬರುತ್ತದೆಯೇ ಎಂದಷ್ಟೇ ಕೇಳಿ, ಹ್ಞೂಂ ಅಂದದ್ದಕ್ಕೆ ಒಪ್ಪಿಕೊಂಡೆ.

ದೇವದುರ್ಗದ ಮನೆಯ ಒಡತಿಗೆ ಹೇಳುವ ಕೆಲಸ ಉಳಿದಿತ್ತು. ಅವರು ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಮುಸ್ಲಿಂ ಹೆಂಗಸು, ಗಂಡ ಇದ್ದಾಗ ಸಂತೆಗಳಲ್ಲಿ ಬಟ್ಟೆ ವ್ಯಾಪಾರ. ಮಗಳು-ಅಳಿಯ ಅದೇ ಊರಲ್ಲಿ, ಎರಡು ಓಣಿ ಆಚೆ. ನಾವು ಅವರನ್ನು ಚಾಚಿ ಎನ್ನುತ್ತಿದ್ದೆವು. ಹನ್ನೊಂದು ವರ್ಷದಲ್ಲಿ ನಮ್ಮ ನಡುವೆ ಬಹಳ ಸಲಿಗೆಯೇನೂ ಬೆಳೆದಿರಲಿಲ್ಲ. ಒಂದನೇ ತಾರೀಖಿಗೆ ಗಂಡ ಮೇಲೆ ಹೋಗಿ ಬಾಡಿಗೆ ಕೊಟ್ಟು ಬರುತ್ತಿದ್ದರು. ರಂಜಾನಿನಲ್ಲಿ ಒಂದು ಡಬ್ಬಿ ಕೆಳಗೆ ಬರುತ್ತಿತ್ತು, ಉಗಾದಿಗೆ ಒಂದು ಡಬ್ಬಿ ಮೇಲೆ ಹೋಗುತ್ತಿತ್ತು. ನೀರಿನ ಮೋಟಾರಿನ ವಿಷಯಕ್ಕೆ ಎರಡು ಸಲ ಮಾತಿಗೆ ಮಾತು ಬೆಳೆದದ್ದೂ ಉಂಟು.

ಹೇಳಿದಾಗ ಚಾಚಿ "ಅಚ್ಛಾ" ಎಂದರು. ಆಮೇಲೆ, "ತಿಂಗಳ ಆಖರಿಗೆ ಏನು?" ಎಂದು ಕೇಳಿದರು. ಅಷ್ಟೆ. ನನಗೆ ಸ್ವಲ್ಪ ನೋವಾಯಿತು.

ಸಾಮಾನು ಕಟ್ಟುತ್ತಿದ್ದ ದಿನ ಚಾಚಿಯ ಅಳಿಯ ಒಬ್ಬ ಹೊಸ ಬಾಡಿಗೆದಾರನನ್ನು ಕರೆದುಕೊಂಡು ಬಂದ. ರಸ್ತೆ ಕಾಮಗಾರಿಯ ಗುತ್ತಿಗೆದಾರರ ಬಳಿ ಇದ್ದ ಇಂಜಿನಿಯರು, ಹೊರಗಿನವನು. ನಾನು ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದೆ. ಅವನು ಎರಡು ಖೋಲಿ ನೋಡಿ, ಅಂಗಳದಲ್ಲಿ ಬೈಕು ನಿಲ್ಲಿಸಬಹುದೇ ಎಂದು ಕೇಳಿ, ಬಾಡಿಗೆ ಎಷ್ಟು ಎಂದ.

"ಆರು ಸಾವಿರ. ಮೂವತ್ತು ಅಡ್ವಾನ್ಸ್," ಎಂದ ಅಳಿಯ.

"ಆಯ್ತು. ಒಂದನೇ ತಾರೀಖಿಗೆ ಬರ್ತೀನಿ."

ಚೌಕಾಸಿ ಕೂಡ ಮಾಡಲಿಲ್ಲ. ನನ್ನ ಕೈಯಲ್ಲಿದ್ದ ತಟ್ಟೆ ಹಾಗೇ ಉಳಿಯಿತು. ಅವನು ಹೋದ ಮೇಲೆ ಅಳಿಯನನ್ನು ಕರೆದು ಕೇಳಿದೆ, "ಈ ಓಣ್ಯಾಗ ಎಲ್ಲಾ ಮನಿಗೂ ಇಷ್ಟೇ ಅದ ಏನ್ರಿ?"

"ಇಷ್ಟೇ ಅದ್ರಿ ಟೀಚರ್. ಐದಾರು ವರ್ಷ ಆತು. ನಾ ಅತ್ತಿಗೆ ಹೇಳಿ ಹೇಳಿ ಸಾಕಾಗಿ ಬಿಟ್ಟೆ."

ಇಷ್ಟು ವಾರ ನಾನು ಮಾನ್ವಿಯಲ್ಲಿ, ರಾಯಚೂರಿನಲ್ಲಿ ಮಂದಿಯ ಮುಂದೆ ಹಿಡಿದದ್ದು ದೇವದುರ್ಗದ ಬಾಡಿಗೆಯೇ ಅಲ್ಲ. ದೇವದುರ್ಗವೂ ಯಾವಾಗಲೋ ದುಬಾರಿಯಾಗಿತ್ತು. ನಮಗೆ ಮಾತ್ರ ಗೊತ್ತಾಗದ ಹಾಗೆ ಒಬ್ಬ ಮುದುಕಿ ನೋಡಿಕೊಂಡಿದ್ದಳು.

ಮೆಟ್ಟಿಲು ಹತ್ತಿ ಹೋದೆ. ಚಾಚಿ ಮಂಚದ ಮೇಲೆ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಚಾಚಿ, ಇಷ್ಟು ವರ್ಷ ಯಾಕ ಹೆಚ್ಚಿಗಿ ಕೇಳಲಿಲ್ಲ ನೀವು?"

ಅವರು ನನ್ನನ್ನು ನೋಡಿದರು. ಒಳ್ಳೆಯತನದ ಮಾತೇನಾದರೂ ಬರುತ್ತದೆ ಎಂದು ಕಾಯುತ್ತಿದ್ದೆನೋ ಏನೋ.

"ಕೇಳಿದ್ರ ನೀವು ಬ್ಯಾರೆ ಮನಿ ನೋಡ್ತಿದ್ರಿ," ಎಂದರು. "ಹೊಸ ಮಂದಿ ಬರ್ತಾರ. ಅವರಿಗಿ ಮೋಟಾರ್ ಹೇಳಬೇಕು, ಗೇಟ್ ಹೇಳಬೇಕು. ಅವರ ದನಿ ಗುರ್ತ ಆಗಬೇಕು. ನನಗ ತಾಕತ್ ಇಲ್ಲ ಬೇಟಿ. ಥಕ್ ಗಯಿ."

ದಣಿದಿದ್ದೇನೆ ಎಂದು ಅವರು ತಮ್ಮ ಮನೆಮಾತಿನಲ್ಲಿ ಹೇಳಿಕೊಂಡದ್ದು. ನನಗೆ ಅದಕ್ಕಿಂತ ಚೆನ್ನಾಗಿ ಅರ್ಥವಾಗುವ ಮಾತು ಆ ದಿನ ಬೇರೊಂದಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತೆ. ಎಣ್ಣೆ ಬಟ್ಟಲು ತೆಗೆದುಕೊಂಡು ಇನ್ನೊಂದು ಮೊಣಕಾಲಿಗೆ ನಾನೇ ತಿಕ್ಕಿದೆ. ಅವರು ಬೇಡ ಅನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ಅವರನ್ನು ಮುಟ್ಟಿದ್ದು ಅದೇ ಮೊದಲು.

"ಬರೋನು ಹೆಂಗ ಅದಾನ?" ಎಂದು ಕೇಳಿದರು.

"ಒಳ್ಳೆಯವನಂಗ ಕಾಣ್ತಾನ ಚಾಚಿ. ಮೋಟಾರ್ ನಾ ಹೇಳಿ ಹೋಗ್ತೀನಿ ಅವಗ."

ಹೇಳಿಯೇ ಹೋದೆ. ಫೋನಿನಲ್ಲಿ ಅವನಿಗೆ ಎಲ್ಲ ವಿವರಿಸಿದೆ: ಮೋಟಾರು ಯಾವಾಗ ಹಾಕಬೇಕು, ಗೇಟಿನ ಸದ್ದು ಮಾಡಬಾರದು, ಬೆಳಿಗ್ಗೆ ಒಮ್ಮೆ ಮೇಲಕ್ಕೆ ಕೂಗಿ ಮಾತಾಡಿಸಬೇಕು. ಅವನು "ಸರಿ ಮೇಡಂ, ಸರಿ ಮೇಡಂ" ಎನ್ನುತ್ತಿದ್ದ. ಎಷ್ಟು ಕೇಳಿಸಿಕೊಂಡನೋ.

ರಾಯಚೂರಿಗೆ ಬಂದು ಈಗ ಒಂದು ವರ್ಷ. ಸಂಬಳದಲ್ಲಿ ಸಿಟಿಗೆಂದು ಹೆಚ್ಚು ಸಿಕ್ಕ ಮನೆಬಾಡಿಗೆ ಭತ್ಯೆ, ಕೊಡುವ ಬಾಡಿಗೆಯ ಅರ್ಧಕ್ಕೂ ಬರುವುದಿಲ್ಲ. ಗಂಡ ಮಾನ್ವಿಯಿಂದ ಬಂದವರೇ ಅಂಗಿ ಬಿಚ್ಚದೆ ಅರ್ಧ ತಾಸು ಫ್ಯಾನಿನ ಕೆಳಗೆ ಕೂರುತ್ತಾರೆ. ಕೂದಲಲ್ಲಿ ತೌಡಿನ ಧೂಳಿರುತ್ತದೆ. ನನಗೆ ದಿನಕ್ಕೆ ಎರಡು ತಾಸು ಉಳಿದಿದೆ. ಆ ಹೊತ್ತಿನಲ್ಲಿ ಓದಬೇಕು, ಬರೆಯಬೇಕು ಎಂದುಕೊಂಡಿದ್ದೆ. ಮಲಗುತ್ತೇನೆ.

ಹೋದ ತಿಂಗಳು ಕೆಳಗಿನ ಮನೆಯಲ್ಲೇ ಇರುವ ಒಡೆಯರು ಕರಾರು ಪತ್ರ ಹೊಸದು ಮಾಡಿಸಿ ತಂದುಕೊಟ್ಟರು. ಎಂಟು ಸಾವಿರದ ಇನ್ನೂರು ಎಂದು ಬರೆದಿತ್ತು. ಗಂಡ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಏನ್ ಮಾಡೋಣು? ಕೇಳಿ ನೋಡೋಣೇನು? ಇಲ್ಲಾ ಮತ್ತ ಮನಿ ನೋಡೋಣು?"

ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಕೆಳಗಿನವರ ಮಗು ಅಳುತ್ತಿತ್ತು. ಹಸಿವಿಗೆ ಅಳುವುದು ಯಾವುದು, ಹಟಕ್ಕೆ ಅಳುವುದು ಯಾವುದು ಎಂದು ನನಗೆ ಈಗೀಗ ಗೊತ್ತಾಗತೊಡಗಿತ್ತು.

"ಸಹಿ ಮಾಡ್ರಿ," ಎಂದೆ.