ಹಿಂಬಾಗಿಲಿನ ಕಾಲರ್ ಅಕ್ಕ

ಅಂಗಿಗೆ ಕಾಲರ್ ಕೂರಿಸುವುದರಲ್ಲೇ ಅರ್ಧ ಆಯಸ್ಸು ಸವೆಸಿದ್ದರಿಂದ ಕಾರ್ಖಾನೆಯಲ್ಲೆಲ್ಲ ಆಕೆಗೆ ಕಾಲರ್ ಅಕ್ಕ ಎಂದೇ ಹೆಸರು. ಮಾತು ಕಮ್ಮಿ, ಹಟ ಜಾಸ್ತಿ. ಆಕೆಯ ಬೇಡಿಕೆ ಒಂದೇ: ಹೊಲಿಗೆ ವಿಭಾಗದ ಹಿಂಬಾಗಿಲಿನ ಬೀಗ ತೆಗೆಯಬೇಕು. ಅಲ್ಲೇ ಹೊಲಿಗೆಗೆ ಬರುವ ಮಗಳು ಕೂರುವುದು ಆ ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ. ಬೆಂಕಿ ಬಿದ್ದರೆ ಮುಂಬಾಗಿಲು ಮುಟ್ಟುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಬೀಗ ತೆಗೆದರೆ ಬಟ್ಟೆ ಕಳುವಾಗುತ್ತದೆಂಬುದು ಮ್ಯಾನೇಜರನ ಚಿಂತೆ. ಜೀವ ಹೋದರೆ ಹೋಗಲಿ, ಅಂಗಿ ಹೋಗಬಾರದು.

ಅಷ್ಟರಲ್ಲಿ ಅಂಗಿ ಕೊಳ್ಳುವ ದೂರದ ಕಂಪನಿಗೆ ಇದ್ದಕ್ಕಿದ್ದಂತೆ ಕಾರ್ಮಿಕರ ಮೇಲೆ ಪ್ರೀತಿ ಉಕ್ಕಿತು. ಸರಕು ಒದಗಿಸುವವರ ಬಳಿ ದುಡಿಯುವವರ ಸುರಕ್ಷತೆಗೂ ನೀವೇ ಹೊಣೆ ಎಂಬ ಹೊಸ ಕಾನೂನು ಅವರ ದೇಶದಲ್ಲಿ ಬಂದಿತ್ತು. ಅಂಗಿಯ ಮಾರಾಟ ಕುಸಿದ ವರ್ಷವೇ ಆ ಬೀಗ ಅವರ ಕಣ್ಣಿಗೆ ಬಿದ್ದದ್ದು ಕಾಕತಾಳೀಯ ಅನ್ನೋಣ. ಆರ್ಡರ್ ರದ್ದು ಎಂದರು. ಕಾರ್ಖಾನೆಯ ಧಣಿ ಒಪ್ಪಲಿಲ್ಲ. ಒಪ್ಪಂದದಲ್ಲಿ ಬರೆದಿದ್ದಂತೆ ಜಗಳ ಮಧ್ಯಸ್ಥಗಾರರ ಮುಂದೆ ಹೋಯಿತು.

ಕಂಪನಿಯವರು ಕಾಲರ್ ಅಕ್ಕನನ್ನು ಸಾಕ್ಷಿಗೆ ಕರೆಸಿದರು. ತಣ್ಣನೆಯ ಕೋಣೆ, ಉದ್ದನೆಯ ಮೇಜು, ಎರಡೂ ಕಡೆ ಕರಿಕೋಟು. ಬೀಗ ಇತ್ತೇ ಎಂದು ಕೇಳಿದರು. ಇತ್ತು, ಈಗಲೂ ಇದೆ ಎಂದಳು. ಅಲ್ಲಿಂದಾಚೆ ವಕೀಲರಿಬ್ಬರೂ ಕಾರ್ಮಿಕರ ಹಿತದ ಹೆಸರಲ್ಲಿ ಗಂಟಲು ಹರಿದುಕೊಂಡರು. ಎದುರಿಗೇ ಕೂತಿದ್ದ ಕಾರ್ಮಿಕಳ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಏಳುವ ಮೊದಲು ಆಕೆಯೇ ಮಧ್ಯಸ್ಥಗಾರರನ್ನು ಕೇಳಿದಳು: "ಸಾರ್, ಅದೆಲ್ಲ ಇರ್ಲಿ. ಬಾಗಿಲು ಯಾವಾಗ ತೆಗೆಸ್ತೀರಾ?"

ಅವರು ಕನ್ನಡಕ ಸರಿಮಾಡಿಕೊಂಡರು. "ನೋಡಮ್ಮ, ನಮ್ಮ ಮುಂದಿರೋದು ಇವರಿಬ್ಬರ ಒಪ್ಪಂದ. ಬಾಗಿಲು ತೆಗೆಸೋ ಅಧಿಕಾರ ನಮಗಿಲ್ಲ."

ಕೊನೆಗೆ ಎರಡೂ ಕಡೆಯವರು ರಾಜಿಯಾದರು. ಆರ್ಡರ್ ಮುಂದುವರಿಯತಕ್ಕದ್ದು, ತೆರೆದ ಹಿಂಬಾಗಿಲಿನ ಫೋಟೊವನ್ನು ಧಣಿ ತಿಂಗಳಿಗೊಮ್ಮೆ ಕಳಿಸತಕ್ಕದ್ದು. ಬೆಂಕಿ ಬೀಳುವುದಾದರೆ ಫೋಟೊ ತೆಗೆಯುವ ದಿನವೇ ಬೀಳಬೇಕು, ಅಷ್ಟೆ.

ಮೊದಲ ಫೋಟೊದ ದಿನ ಮ್ಯಾನೇಜರ್ ಬೀಗ ತೆಗೆಸಿ, ಕಾಲರ್ ಅಕ್ಕನನ್ನೇ ಹೊಸ್ತಿಲಲ್ಲಿ ನಿಲ್ಲಿಸಿ, ಸ್ವಲ್ಪ ನಗು ಎಂದ. ನಕ್ಕಳು. ಫೋಟೊ ಮುಗಿಯಿತು, ಈಚೆ ಬಾ, ಬೀಗ ಹಾಕಬೇಕು ಎಂದ. ಆಕೆ ಮಗಳಿಂದ ಸ್ಟೂಲು ತರಿಸಿಕೊಂಡು ಹೊಸ್ತಿಲ ಮೇಲೇ ಕೂತಳು. ಮಡಿಲ ತುಂಬ ಕಾಲರು ಸುರಿದುಕೊಂಡು ಅವುಗಳ ತುದಿಯಲ್ಲಿ ಉಳಿದ ದಾರ ಕತ್ತರಿಸತೊಡಗಿದಳು.

"ಹಾಕ್ಕೊಳ್ಳಿ ಸಾರ್, ನಾನೇನು ಬೇಡ ಅಂದ್ನಾ?"

ಮ್ಯಾನೇಜರ್ ಧಣಿಗೆ ಫೋನ್ ಮಾಡಿದ, ಧಣಿ ವಕೀಲರಿಗೆ ಮಾಡಿದರು. ಸಾಕ್ಷಿ ಹೇಳಿದವಳನ್ನು ಕೆಲಸದಿಂದ ತೆಗೆದರೆ ಕಂಪನಿ ಮತ್ತೆ ಮಧ್ಯಸ್ಥಿಕೆಗೆ ಎಳೆಯುತ್ತದೆ, ಹೊಸ್ತಿಲಲ್ಲಿ ಕೂರಬಾರದೆಂದು ಒಪ್ಪಂದದಲ್ಲೂ ಇಲ್ಲ ಎಂದು ವಕೀಲರು ಕೈಚೆಲ್ಲಿದರು. ಬಾಗಿಲು ಇವತ್ತಿಗೂ ತೆರೆದೇ ಇದೆ. ಅಮ್ಮ ರಜೆ ಹಾಕಿದ ದಿನ ಅಲ್ಲಿ ಮಗಳು ಕೂರುತ್ತಾಳೆ.