ಸುತ್ತೋಲೆಯಮ್ಮನ ಅಕ್ರಮ ಸಂಪರ್ಕ

ನೀರು ಸರಬರಾಜು ಕಚೇರಿಯ ಹೆಡ್ ಕ್ಲರ್ಕ್ ಮೇಡಂಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಕಚೇರಿ ಇಟ್ಟ ಹೆಸರು ಸುತ್ತೋಲೆಯಮ್ಮ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಒಂದು ಸುತ್ತೋಲೆ. ಒದ್ದೆ ಕೊಡೆಯನ್ನು ಕಡತದ ಕಪಾಟಿಗೆ ತಗುಲಿಹಾಕಿದರೆ ಇನ್ನೊಂದು. ಸುತ್ತೋಲೆಯನ್ನು ಓದದೆ ಸಹಿ ಹಾಕುವವರನ್ನು ಎಚ್ಚರಿಸಿಯೂ ಒಂದು ಹೊರಟಿತ್ತು. ಅದಕ್ಕೂ ಎಲ್ಲರೂ ಓದದೆ ಸಹಿ ಹಾಕಿ ಕಳಿಸಿದ್ದರು.

ಅವರು ಹೀಗಾದದ್ದು ಸುಮ್ಮನೆ ಅಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅರ್ಧದಷ್ಟು ಅಕ್ರಮ ನಲ್ಲಿ ಹಿಡಿಯುವುದರಲ್ಲೇ ಕಳೆದಿತ್ತು. ಯಾರದೋ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹುದುಗಿಸಿಟ್ಟ ಪೈಪನ್ನು ಮೂಗಿನಿಂದಲೇ ಪತ್ತೆ ಹಚ್ಚುತ್ತಾರೆ ಎಂದು ಪ್ರತೀತಿ. ಆ ಕೆಲಸಕ್ಕೆ ಅವರದೇ ಒಂದು ಕ್ರಮ: ಮೊದಲು ಪೈಪು ಕತ್ತರಿಸಬೇಕು, ಆಮೇಲೆ ರಿಜಿಸ್ಟರು ತಿದ್ದಬೇಕು. ಪೈಪು ಇಟ್ಟುಕೊಂಡು ರಿಜಿಸ್ಟರು ತಿದ್ದಲು ಕೂತರೆ ಆ ಹೊತ್ತಿಗೆ ಮನೆಯೊಡೆಯ ಯಾರಿಂದಲೋ ಫೋನು ಮಾಡಿಸುತ್ತಾನೆ, ಕೆಲಸ ಕೆಡುತ್ತದೆ.

ಇಂಥವರ ಕಂಪ್ಯೂಟರಿನಲ್ಲೇ ಒಂದು ಅಕ್ರಮ ಸಂಪರ್ಕ ಇತ್ತು ಎಂದರೆ ಕಚೇರಿಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಚೇರಿಯ ಎಲ್ಲ ಯಂತ್ರಗಳಿಂದ ಆಟಗಳನ್ನು ತೆಗೆಸಿದ್ದು ಅವರೇ. ತೆಗೆಸಿದ ವಾರಕ್ಕೇ ಕೈ ಕಟ್ಟಿಹಾಕಿದ ಹಾಗಾಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು, ಪರದೆಯ ಮೇಲೆ ಒಬ್ಬರೇ ಆಡುವ ಇಸ್ಪೀಟು ಅವರ ಗುಟ್ಟಿನ ಚಟ. ಪ್ರಿಂಟರ್ ನೋಡಲು ಬಂದಿದ್ದ ತಮ್ಮ, ಕಂಪ್ಯೂಟರ್ ರಿಪೇರಿ ಅಂಗಡಿಯವನು, ಅಕ್ಕನ ಸಪ್ಪೆ ಮುಖ ನೋಡಿ ಕಾರಣ ಬಿಡಿಸಿಕೊಂಡ. ನಗು ತಡೆದುಕೊಂಡು, ಅದೇ ಯಂತ್ರದ ಒಂದು ಮೂಲೆಯಲ್ಲಿ ಲಿನಕ್ಸ್ ಎಂಬ ಎರಡನೇ ಸಿಸ್ಟಮ್ ಹೂಡಿ ಇಸ್ಪೀಟು ಕೂರಿಸಿಕೊಟ್ಟ. ಅಂದಿನಿಂದ ಯಂತ್ರ ಎದ್ದ ಕೂಡಲೆ ಯಾವ ಕಡೆ ಹೋಗಲಿ ಎಂದು ಹತ್ತು ಸೆಕೆಂಡು ಕೇಳುತ್ತಿತ್ತು. ಸುಮ್ಮನಿದ್ದರೆ ಕಚೇರಿಯ ವಿಂಡೋಸ್. ಕೆಳಬಾಣದ ಕೀಲಿ ಒತ್ತಿದರೆ ಇಸ್ಪೀಟು. ಕಚೇರಿಯ ಕಡೆ ಒಂದು ಗುರುತೂ ಉಳಿಯುತ್ತಿರಲಿಲ್ಲ. ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗೆ ಮೇಡಂ ಬಾಗಿಲ ಮೇಲೆ 'ತುರ್ತು ಕಡತ ವಿಲೇವಾರಿ, ಒಳಗೆ ಬರಬಾರದು' ಎಂಬ ಚೀಟಿ ನೇತಾಡುತ್ತಿತ್ತು.

ಹೋದ ವರ್ಷ ಆಚೆ ಕೋಣೆಯ ಟೈಪಿಸ್ಟ್ ತನ್ನ ಯಂತ್ರದಲ್ಲಿ ಎಲ್ಲಿಂದಲೋ ತಂದ ಆಟ ಆಡುತ್ತಾ ಸಿಕ್ಕಿಬಿದ್ದ. ನಲವತ್ತು ದಾಟಿದ, ಮನೆ ಮಕ್ಕಳು ಇರುವ ಮನುಷ್ಯ. ಮೇಡಂ ಅವನಿಗೆ ಮೆಮೊ ಕೊಟ್ಟು, ಒಂದು ತಿಂಗಳು ಕಂಪ್ಯೂಟರ್ ಮುಟ್ಟದ ಹಾಗೆ ಮಾಡಿ, ರಿಜಿಸ್ಟರನ್ನೆಲ್ಲ ಕೈಯಲ್ಲಿ ಬರೆಸಿದರು. ಎರಡನೇ ಸಲ ಸಿಕ್ಕಿದರೆ ಬಡ್ತಿ ಪಟ್ಟಿಯಿಂದ ಹೆಸರೇ ಕಿತ್ತುಹೋಗುತ್ತದೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸುವುದನ್ನೂ ಮರೆಯಲಿಲ್ಲ. ಮೆಮೊಗೆ ಸಹಿ ಹಾಕಿ, ಒಂದೂವರೆ ಆಗಿದ್ದರಿಂದ ಬಾಗಿಲು ಹಾಕಿಕೊಂಡರು. ನಾಚಿಕೆ ಆಗಲಿಲ್ಲವೇ ಎಂದು ಕೇಳಬೇಡಿ. ಸ್ವಲ್ಪ ಆಗಿತ್ತು, ಎರಡು ಆಟ ಮುಗಿಯುವಷ್ಟರಲ್ಲಿ ಹೋಗಿತ್ತು.

ಈ ಸುಖ ಹೀಗೇ ನಡೆಯುತ್ತಿತ್ತೋ ಏನೋ, ಅವರ ಕೈಯೇ ಸುಮ್ಮನಿರಲಿಲ್ಲ. ಶಾಖೆಗಳ ಯಂತ್ರಗಳನ್ನು ತಪಾಸಣೆ ಮಾಡುವುದು ಹೇಗೆಂದು ದೊಡ್ಡ ಕಚೇರಿ ಸಲಹೆ ಕೇಳಿತು. ಸಲಹೆ ಕೇಳಿದರೆ ಮೇಡಂ ಬಿಡುತ್ತಾರೆಯೇ? ನಾಲ್ಕು ಪುಟ ಬರೆದರು. ಪ್ರತಿ ಯಂತ್ರವನ್ನೂ ಇಂಜಿನಿಯರ್ ಬಂದು ತೆರೆದು ನೋಡತಕ್ಕದ್ದು. ಯಾರಿಗೂ ವಿನಾಯಿತಿ ಇರಕೂಡದು. ಬರೆಯುವ ಉಮೇದಿನಲ್ಲಿ, ಮಾದರಿಯಾಗಿರಲೆಂದು ಹೆಡ್ ಕ್ಲರ್ಕ್ ಕೋಣೆಯಿಂದಲೇ ತಪಾಸಣೆ ಶುರುವಾಗತಕ್ಕದ್ದು ಎಂದೂ ಬರೆದರು. ಟಪಾಲು ಹೊರಟುಹೋದ ಮೇಲೆ ಮೆಟ್ಟಿಲು ಹತ್ತುತ್ತಿದ್ದವರು ನಡುವೆಯೇ ನಿಂತು ನಾಲಿಗೆ ಕಚ್ಚಿಕೊಂಡರು. ಬುಧವಾರ ಉತ್ತರ ಬಂತು: ಸಲಹೆ ಬಹಳ ಮೆಚ್ಚುಗೆಯಾಗಿದೆ, ನಾಳೆ ಹನ್ನೊಂದಕ್ಕೆ ಇಂಜಿನಿಯರ್ ಬರುತ್ತಾರೆ.

ತಮ್ಮನೋ, ಅಂಗಡಿಗೆ ಸಾಮಾನು ತರಲು ಬೇರೆ ಊರಿಗೆ ಹೋಗಿದ್ದ. ಫೋನಿನಲ್ಲಿ ಅಕ್ಕನ ಗೋಳು ಕೇಳಿ ಹೇಳಿದ, "ಎರಡೇ ಕೆಲಸ, ಅಕ್ಕ. ಮೊದಲು ನಾನು ಕೊಟ್ಟಿದ್ದೀನಲ್ಲ, ಆ ರಿಪೇರಿ ಸಿ.ಡಿ. ಹಾಕಿ ವಿಂಡೋಸ್‌ನ ಹಳೇ ಬೂಟ್ ಲೋಡರ್ ವಾಪಸ್ ಕೂರಿಸು. ಆಮೇಲೆ ಲಿನಕ್ಸ್ ಇರೋ ಭಾಗ ಅಳಿಸು."

"ಬೂಟ್ ಲೋಡರ್ ಅಂದ್ರೆ ಯಾರೋ?"

"ಯಂತ್ರ ಎದ್ದ ತಕ್ಷಣ ಯಾವ ಕಡೆ ಹೋಗ್ಬೇಕು ಅಂತ ದಾರಿ ತೋರಿಸೋನು. ಈಗ ಆ ಕೆಲಸ ಲಿನಕ್ಸ್ ಕಡೆಯವನು ಮಾಡ್ತಿದ್ದಾನೆ. ಹೇಳಿದ ಕ್ರಮದಲ್ಲೇ ಮಾಡು, ಆಯ್ತಾ?"

ಮೇಡಂ ಎಲ್ಲವನ್ನೂ ಒಂದು, ಎರಡು ಎಂದು ಬರೆದುಕೊಂಡರು. ಗುರುವಾರ ಒಂಬತ್ತಕ್ಕೇ ಬಂದು ಕೋಣೆ ಸೇರಿ ಚಿಲಕ ಹಾಕಿದರು. ಕೊನೆಯದಾಗಿ ಒಂದು ಆಟ ಆಡಿದರು. ಸೋತರು. ಆಮೇಲೆ ವಿಂಡೋಸ್ ಕಡೆ ಬಂದು ಚೀಟಿ ಓದಿದರು, ಮನಸ್ಸು ಒಪ್ಪಲಿಲ್ಲ. ಕಳ್ಳ ಸಂಪರ್ಕವನ್ನು ಹಾಗೇ ಬಿಟ್ಟು ಮೊದಲು ದಾಖಲೆ ಸರಿ ಮಾಡುವುದೇ? ಈ ಹುಡುಗನಿಗೆ ಏನು ಗೊತ್ತು, ಅಕ್ರಮ ಕಡಿದ ಅನುಭವ ತನಗೋ ಅವನಿಗೋ? ಲಿನಕ್ಸ್ ಇದ್ದ ಭಾಗವನ್ನು ಹುಡುಕಿ ಒಂದೇ ಏಟಿಗೆ ಅಳಿಸಿದರು. ಯಂತ್ರ ಆರಿಸಿ ಮತ್ತೆ ಹಚ್ಚಿದರು.

ಪರದೆ ಕಪ್ಪಗಿತ್ತು. ಮೂಲೆಯಲ್ಲಿ ಎರಡು ಸಾಲು ಇಂಗ್ಲಿಷ್, ಅಂಥ ಭಾಗ ಯಾವುದೂ ಇಲ್ಲ ಎಂದು. ಕೀಬೋರ್ಡಿನಲ್ಲಿ ಯಾವುದನ್ನು ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ. ಮೇಡಂ ಮತ್ತೆ ತಮ್ಮನಿಗೆ ಫೋನು ಹಚ್ಚಿದರು.

ಫೋನಿನಲ್ಲಿ ತಮ್ಮ ಬಿದ್ದು ಬಿದ್ದು ನಕ್ಕ. "ಕಳ್ಳ ಪೈಪು ಕತ್ತರಿಸಿದೆ ಸರಿ. ಮನೆಯ ಮೇನ್ ವಾಲ್ವ್ ಅದರ ಮೇಲೇ ಇತ್ತಲ್ಲ ಅಕ್ಕ, ಅದೂ ಹೋಯ್ತು. ವಿಂಡೋಸ್ ಒಳಗೆ ಸುರಕ್ಷಿತವಾಗೇ ಇದೆ, ದಾರಿ ತೋರಿಸೋನು ಮಾತ್ರ ಇಲ್ಲ. ಈಗಲಾದ್ರೂ ಆ ಸಿ.ಡಿ. ಹಾಕು."

ಮೇಡಂ ಚೀಲ ತಡಕಿ ಸಿ.ಡಿ. ಕೈಗೆತ್ತಿಕೊಂಡರು, ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಸಿ.ಡಿ. ಹಿಡಿದೇ ಹೋಗಿ ಚಿಲಕ ತೆಗೆದರು. ಬಸ್ಸು ಬೇಗ ಸಿಕ್ಕಿತೆಂದು ಇಂಜಿನಿಯರ್ ಒಂದು ಗಂಟೆ ಮೊದಲೇ ಬಂದಿದ್ದರು. ಅವರನ್ನು ಕರೆತಂದ ಟೈಪಿಸ್ಟ್ ಹಿಂದೆಯೇ ಬಾಗಿಲಲ್ಲಿ ನಿಂತ.

ಇಂಜಿನಿಯರ್ ಕಪ್ಪು ಪರದೆ ನೋಡಿದರು, ಮೇಡಂ ಕೈಯ ಸಿ.ಡಿ. ನೋಡಿದರು. "ಇಲ್ಲಿ ಎರಡನೇ ಸಿಸ್ಟಮ್ ಇತ್ತು, ಯಾರೋ ಅರ್ಧಂಬರ್ಧ ತೆಗೆದಿದ್ದಾರೆ. ನೀವು ಸರಿ ಮಾಡೋಕೆ ಹೊರಟಿದ್ರಾ ಮೇಡಂ? ಮೆಚ್ಚಬೇಕು ನಿಮ್ಮನ್ನ." ಸಿ.ಡಿ. ತೆಗೆದುಕೊಂಡು ಹಾಕಿದರು, ಎರಡು ಸಾಲು ಟೈಪು ಮಾಡಿದರು, ಯಂತ್ರ ಹಚ್ಚಿದರು. ಅದು ಏನನ್ನೂ ಕೇಳದೆ ನೆಟ್ಟಗೆ ವಿಂಡೋಸ್‌ಗೆ ಹೋಯಿತು. ಹಳೇ ಲೋಡರ್ ತನ್ನ ಜಾಗದಲ್ಲಿ ಮತ್ತೆ ಕೂತಿತ್ತು.

ಇನ್ನು ಉಳಿದದ್ದು ವರದಿ. ಇಂಜಿನಿಯರ್ ಪೆನ್ನು ತೆಗೆದು ಕೇಳಿದರು, "ಯಾರು ಹಾಕಿದ್ದು ಅಂತ ಬರೀಬೇಕು. ನೀವಂತೂ ಅಲ್ಲ. ಈ ಕುರ್ಚಿಯಲ್ಲಿ ಬೇರೆ ಯಾರಾದ್ರೂ ಕೂತಿದ್ರಾ?"

ಕೂತಿದ್ದ. ಮೇಡಂ ಕಣ್ಣಿನ ಆಪರೇಷನ್‌ಗೆ ರಜೆ ಹಾಕಿದ್ದಾಗ ಹದಿನೈದು ದಿನ ಟೈಪಿಸ್ಟೇ ಅಲ್ಲಿ ಕೂತಿದ್ದ, ಹಾಜರಿ ಪುಸ್ತಕದಲ್ಲೂ ಇತ್ತು. ಬಾಗಿಲಲ್ಲಿದ್ದವನು ಒಂದು ಹೆಜ್ಜೆ ಒಳಗೆ ಬಂದ. ನಾನು ಹಾಕಿದ್ದಲ್ಲ ಎನ್ನಲು ಬಾಯಿ ತೆರೆದ, ಒಂದು ಮೆಮೊ ಆಗಲೇ ತಲೆ ಮೇಲಿದ್ದವನ ಮಾತನ್ನು ಯಾರು ನಂಬುತ್ತಾರೆ ಎನಿಸಿತೋ ಏನೋ, ಮುಚ್ಚಿದ. ಮೇಡಂ ಅದನ್ನು ನೋಡಿದರು. ಒಂದು 'ಹೂಂ' ಸಾಕಿತ್ತು, ಇಪ್ಪತ್ತೆಂಟು ವರ್ಷದ ಮರ್ಯಾದೆ ಉಳಿಯುತ್ತಿತ್ತು. ಆ 'ಹೂಂ' ಗಂಟಲವರೆಗೆ ಬಂದದ್ದೂ ನಿಜ.

"ನಾನೇ ಹಾಕಿಸಿದ್ದು," ಎಂದರು ಮೇಡಂ. "ಇಸ್ಪೀಟು ಆಡೋಕೆ. ಇವತ್ತು ತೆಗೆದದ್ದೂ ನಾನೇ."

ಇಂಜಿನಿಯರ್ ಪೆನ್ನು ನಿಂತಿತು. "ಹಾಗೇ ಬರೀಲಾ ಮೇಡಂ?"

"ಹಾಗೇ ಬರೀರಿ. ಕಾಗುಣಿತ ನೋಡ್ಕೊಂಡು."

ಇಂಜಿನಿಯರ್ ಮುಂದಿನ ಕೋಣೆಗೆ ಹೋದ ಮೇಲೆ ಮೇಡಂ ಟೈಪಿಸ್ಟ್‌ಗೆ ತಮ್ಮ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಒಂದು ಮೆಮೊ ಟೈಪ್ ಮಾಡ್ಬೇಕು."

"ಯಾರ ಹೆಸರಿಗೆ ಮೇಡಂ?"

"ನನ್ನ ಹೆಸರಿಗೆ."

ಟೈಪಿಸ್ಟ್ ಕುರ್ಚಿಯ ಅಂಚಿನಲ್ಲಿ ಕೂತ. ಮೇಡಂ ಕಿಟಕಿಯ ಬಳಿ ನಿಂತು, ಉಸಿರು ಬಿಡದೆ ಹೇಳುತ್ತಾ ಹೋದರು: ಆರೋಪ, ದಿನಾಂಕ, ಶಿಕ್ಷೆ. ಒಂದು ತಿಂಗಳು ಕಂಪ್ಯೂಟರ್ ಮುಟ್ಟಬಾರದು, ರಿಜಿಸ್ಟರು ಕೈಯಲ್ಲಿ ಬರೆಯಬೇಕು.

"ಆರೋಪಿಯ ವಿವರಣೆ ಅಂತ ಒಂದು ಕಾಲಂ ಇದೆ ಮೇಡಂ," ಎಂದ ಟೈಪಿಸ್ಟ್. ಅವನ ದನಿಯಲ್ಲಿ ತುಂಟತನ ಇಣುಕಿತ್ತು. ಯಾಕಿರಬಾರದು?

ಮೇಡಂ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದರು. "ಬರೀರಿ. ಊಟದ ಹೊತ್ತಿನಲ್ಲಿ ಈ ಕಚೇರಿಯಲ್ಲಿ ನನ್ನ ಜೊತೆ ಯಾರೂ ಕೂರುವುದಿಲ್ಲ."

ಕೀಲಿಗಳ ಸದ್ದು ನಿಂತಿತು.

"ಟೈಪ್ ಮಾಡಿ. ಅದರ ಕೆಳಗೆ, ವಿವರಣೆ ತೃಪ್ತಿಕರವಾಗಿಲ್ಲ ಅಂತ ಹಾಕಿ."

"ಅದನ್ನ ಅಧಿಕಾರಿ ತೀರ್ಮಾನಿಸಬೇಕು ಮೇಡಂ."

"ಅಧಿಕಾರಿ ನಾನೇ ಅಲ್ವೇನ್ರೀ?"

"ಆರೋಪಿಯೂ ನೀವೇ. ಆರೋಪಿ ತೀರ್ಪು ಹೇಳೋ ಹಾಗಿಲ್ಲ. ಹೋದ ವರ್ಷ ನೀವೇ ನನಗೆ ಹೇಳಿದ್ದು."

ಉತ್ತರಕ್ಕೆ ಕಾಯದೆ ಅವನೇ ಒಂದು ಸಾಲು ಟೈಪು ಮಾಡಿದ. ಹಾಳೆ ಪ್ರಿಂಟರಿನಿಂದ ಹೊರಬಂದದ್ದೇ ಸಹಿಗೆ ಮುಂದಿಟ್ಟ. ಮೇಡಂ ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲು ಓದಿದರು: 'ವಿವರಣೆ ತೃಪ್ತಿಕರವಾಗಿದೆ. ಶಿಕ್ಷೆ ಜಾರಿಯಲ್ಲಿರುತ್ತದೆ.' ತಪ್ಪು ಸಿಗಬಹುದೇ ಎಂದು ಇನ್ನೊಮ್ಮೆ ಓದಿದರು. ಒಂದೂ ಸಿಗಲಿಲ್ಲ. ಸಹಿ ಹಾಕಿದರು.