ಚಕ್ಕುಲಿ ಬಿಲ್ಲೆಯ ಮೊಹರು

ಮುನಿಸಿಪಾಲಿಟಿಯ ಅಧಿಕಾರಿ ಅಮ್ಮನ ಟೆಂಡರ್ ಲಕೋಟೆಯನ್ನು ಎತ್ತಿ ಹಿಡಿದಾಗ ಕಚೇರಿಯೇ ಘೊಳ್ಳೆಂದು ನಕ್ಕಿತು. ಅರಗಿನ ಮೇಲೆ ಮೂಡಿದ್ದದ್ದು ನಮ್ಮನೆ ಚಕ್ಕುಲಿ ಬಿಲ್ಲೆಯ ನಕ್ಷತ್ರ! ಅದು ಐವತ್ತರ ದಶಕ. ಬೀದಿ ಗುಡಿಸುವ ಪೊರಕೆ ಒದಗಿಸುವ ಗುತ್ತಿಗೆಗಾಗಿ ಮಂಡಿ ಮೊಹಲ್ಲಾದಿಂದ ಬಂದಿದ್ದ ಅಮ್ಮನೊಬ್ಬಳೇ ಅಲ್ಲಿ ಹೆಂಗಸು.

“ಇದೂ ಒಂದು ಮೊಹರಾ? ತಳ್ಳಿಹಾಕಿ ಸಾರ್” ಎಂದರು ಉಳಿದ ಕಂಟ್ರಾಕ್ಟರುಗಳು.

ಅಮ್ಮ ಸೆರಗು ಸಿಕ್ಕಿಸಿ ಎದ್ದಳು. “ಅರಗಿನ ಮೊಹರು ಇರ್ಬೇಕು ಅಂತ ಬರ್ದಿದ್ದೀರಿ ಸ್ವಾಮಿ. ಎಂಥದ್ದು ಅಂತ ಬರ್ದಿಲ್ವಲ್ಲ?”

ಅಧಿಕಾರಿ ಟೆಂಡರ್ ಪ್ರಕಟಣೆಯನ್ನು ಮತ್ತೊಮ್ಮೆ ಓದಿ, ನಗು ತಡೆದುಕೊಂಡು ಲಕೋಟೆ ಒಡೆದರು. ಅಮ್ಮನದೇ ಕಡಿಮೆ ದರ. ಪೊರಕೆಯ ಗುತ್ತಿಗೆ ನಮಗೇ ಸಿಕ್ಕಿತು.

ಆ ವರ್ಷ ಗೌರಿ ಹಬ್ಬಕ್ಕೆ ಚಕ್ಕುಲಿ ಒತ್ತಲು ನಾನು ಅದೇ ಬಿಲ್ಲೆಗೆ ಕೈ ಹಾಕಿದೆ. “ಮುಟ್ಬೇಡ ಕಣೇ, ಅದು ಕಂಪನಿ ಮೊಹರು!” ಎಂದು ಅಮ್ಮ ಗದರಿದಳು.